ಕಟ್ಟೋಕೆ ದುಡ್ಡಿದೆ, ನಡೆಸೋಕಿಲ್ಲ

ನಗರಗಳ ಬಡ ಬಡಾವಣೆಗಳಿಗೆ ಅನುದಾನ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಕೋಟಿ ಅಂತ. ನನ್ನ ಪ್ರಶ್ನೆ ಬೇರೆ. ಕಟ್ಟಡ ಎದ್ದ ಮೇಲೆ ಅದರ ಕರೆಂಟ್ ಬಿಲ್ ಕಟ್ಟುವವರು ಯಾರು?

ಇಂಥ ಯೋಜನೆಗಳ ನಿಯಮ ಸುಮ್ನೆ ಒಮ್ಮೆ ಓದಿ ನೋಡಿ. ಸಮುದಾಯ ಭವನ ಕಟ್ಟಲು ಹಣ ಸಿಗುತ್ತದೆ. ಕಾವಲುಗಾರನ ಸಂಬಳಕ್ಕೆ, ಒಡೆದ ನಲ್ಲಿ ಬದಲಿಸಲು ಸಿಗುವುದು ಕಷ್ಟ. ಅಮೆರಿಕದಲ್ಲಿ 1974ರಲ್ಲಿ ಶುರುವಾದ ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್ ಯೋಜನೆಯನ್ನೇ ತಗೊಳ್ಳಿ; ಬಡಾವಣೆಗಳ ಅಭಿವೃದ್ಧಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಅನುದಾನ ಅದು. ಯಾವ ಕೆಲಸ ಬೇಕೆಂದು ನಗರಗಳೇ ಆರಿಸಿಕೊಳ್ಳಬಹುದು. ಹಣದಲ್ಲಿ ಕನಿಷ್ಠ 70% ಕಡಿಮೆ ಮತ್ತು ಸಾಧಾರಣ ಆದಾಯದವರಿಗೆ ಅನುಕೂಲವಾಗಬೇಕು. ಒಳ್ಳೆಯ ನಿಯಮ, ಅಲ್ವಾ? ಆದರೆ ಮಕ್ಕಳ ಆರೈಕೆ, ಉದ್ಯೋಗ ತರಬೇತಿಯಂಥ ಸೇವೆಗಳಿಗೆ ಸಾಮಾನ್ಯವಾಗಿ 15% ದಾಟುವ ಹಾಗಿಲ್ಲ. ಸಾರ್ವಜನಿಕ ಕಟ್ಟಡಗಳನ್ನು ನಡೆಸುವ, ನೋಡಿಕೊಳ್ಳುವ ಖರ್ಚಿಗಂತೂ ಸಾಮಾನ್ಯವಾಗಿ ಮುಟ್ಟುವಂತೆಯೇ ಇಲ್ಲ.

ಕಾರಣ ಇಲ್ಲದೆ ಇಂಥ ನಿಯಮ ಬರುವುದಿಲ್ಲ. ಬಿಟ್ಟರೆ ಸ್ಥಳೀಯ ಆಡಳಿತಗಳು ಅನುದಾನವನ್ನೆಲ್ಲ ಸಂಬಳಕ್ಕೇ ಸುರಿದಾವು ಎಂಬ ಭಯ. ಭಯ ಸುಳ್ಳೇನಲ್ಲ. ಆದರೆ ತೆರಿಗೆ ಚೆನ್ನಾಗಿ ಬರುವ ನಗರ ಹೇಗೋ ನಿಭಾಯಿಸುತ್ತದೆ. ಆದಾಯವೇ ಇಲ್ಲದ ನಗರಕ್ಕೆ ಹೊಸ ಕಟ್ಟಡವೇ ಹೊರೆ. ಆನೆ ಕೊಟ್ಟು ಮೇವು ನೀವೇ ತನ್ನಿ ಅಂದ ಹಾಗೆ. ಯಾರಿಗಾಗಿ ಯೋಜನೆಯೋ ಅವರಿಗೇ ಪೆಟ್ಟು.

ಇದರ ಜೊತೆಗೆ ವರ್ಷದ ಕೊನೆಯ ಗಡಿಬಿಡಿ. ಹಣ ತಡವಾಗಿ ಬರುತ್ತದೆ, ಖರ್ಚು ಮಾಡದಿದ್ದರೆ ವಾಪಸ್ ಹೋಗುತ್ತದೆ. ಆಗ ಜನರನ್ನು ಕೇಳುವ ಪುರುಸೊತ್ತು ಯಾರಿಗಿದೆ? ಬೇಗ ಟೆಂಡರ್ ಆಗುವ ಕೆಲಸವೇ ಗೆಲ್ಲುತ್ತದೆ. (ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಲು ಹಣ ಸಾಲಲಿಲ್ಲ ಎಂದು ಮಾತ್ರ ಎಲ್ಲೂ ಕೇಳಿಲ್ಲ.)

ಕೇಳಿದರೆ ಜನ ಹೇಳುತ್ತಾರೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಹೊಸ ಕೆಲಸಗಳ ಬಜೆಟ್ಟನ್ನು ಬಡಾವಣೆ ಸಭೆಗಳ ಮುಂದಿಟ್ಟಿತು. ಜನ ಕೇಳಿದ್ದು ಚರಂಡಿ, ನೀರು, ರಸ್ತೆಗೆ ಡಾಂಬರು. ಹಣ ಹಂಚುವಾಗ ಜನಸಂಖ್ಯೆ ಮಾತ್ರವಲ್ಲ, ಎಲ್ಲಿ ಸೌಲಭ್ಯದ ಕೊರತೆ ಜಾಸ್ತಿ ಎಂಬುದನ್ನೂ ಲೆಕ್ಕಕ್ಕೆ ಹಿಡಿದರು.

ನನ್ನನ್ನು ಕೇಳಿದರೆ, ಯಾರು ನಡೆಸುತ್ತಾರೆ, ಮೊದಲ ಐದು ವರ್ಷ ಎಷ್ಟು ಖರ್ಚು ಬರುತ್ತದೆ ಎಂದು ಮಂಜೂರಾತಿ ಪತ್ರದಲ್ಲೇ ಬರೆದಿರಬೇಕು. ಅನುದಾನದ ಒಂದು ಪಾಲು ಆ ಖರ್ಚಿಗೇ ಮೀಸಲಿರಲಿ. ಸಂಬಳದ ಭಯ ಇದ್ದರೆ ಆ ಪಾಲಿಗೆ ಮಿತಿ ಹಾಕಿ, ಬೇರೆ ಖಾತೆಯಲ್ಲಿಡಿ. ಸ್ವಂತ ಆದಾಯ ಕಡಿಮೆ ಇರುವ ನಗರಕ್ಕೆ ಮಿತಿ ಸ್ವಲ್ಪ ಜಾಸ್ತಿ ಇರಲಿ. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಬಿಡಿ.

ಹೀಗೆ ಮಾಡಿದರೆ ಹೊಸ ಕಟ್ಟಡಗಳು ಕಡಿಮೆಯಾಗುತ್ತವೆ ಅಂತೀರಾ? ಹೌದು, ಆಗುತ್ತವೆ. ಆಗಲಿ ಬಿಡಿ.