ಸ್ಪಷ್ಟನೆ: ಖಾಕಿ ಕ್ಯಾಂಪ್‌ಬೆಲ್ ಎಲ್ಲದಕ್ಕೂ ಆಗುವ ಬಾತು ಅಲ್ಲ

"ಖಾಕಿ ಕ್ಯಾಂಪ್‌ಬೆಲ್ ಸಾಕಿ. ವರ್ಷಕ್ಕೆ 300 ಮೊಟ್ಟೆ, ಎರಡೇ ತಿಂಗಳಿಗೆ ಮೂರು ಕೆಜಿ ಮಾಂಸ, ಮರಿಯನ್ನೂ ತಾವೇ ಮಾಡುತ್ತವೆ. ಕೆರೆ ಇದ್ದರೆ ಸಾಕು." ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಸಂದೇಶದಲ್ಲಿ ನಿಜಕ್ಕೆ ಹತ್ತಿರ ಇರುವುದು ಮೊಟ್ಟೆಯ ಲೆಕ್ಕ ಮಾತ್ರ. ಅದೂ ಒಳ್ಳೆಯ ಮೇವು, ಆರೈಕೆ ಇದ್ದರೆ.

ಇಂಗ್ಲೆಂಡಿನ ಈ ತಳಿಯನ್ನು ಬೆಳೆಸಿದ್ದೇ ಮೊಟ್ಟೆಗಾಗಿ. ಪೂರ್ತಿ ಬೆಳೆದರೂ ತೂಕ ಎರಡು ಕೆಜಿ ಆಸುಪಾಸು. ಎರಡು ತಿಂಗಳಲ್ಲಿ ಮೂರು ಕೆಜಿ ಎಲ್ಲಿಂದ ಬರಬೇಕು? ಆ ತೂಕ ವೈಟ್ ಪೆಕಿನ್ ಎಂಬ ಬೇರೆ ಬಾತು ತಳಿಯದು. ಮಾಂಸಕ್ಕೆ ಅದನ್ನೇ ತನ್ನಿ.

ಇನ್ನು ಮರಿ. ಖಾಕಿ ಕಾವು ಕೂರುವುದು ಅಪರೂಪ. ಇನ್‌ಕ್ಯುಬೇಟರ್ ಬೇಕು, ಇಲ್ಲವೇ ನಾಟಿ ಕೋಳಿಯ ಕೆಳಗೆ ಮೊಟ್ಟೆ ಇಡಬೇಕು. 28 ದಿನ ಹಿಡಿಯುತ್ತದೆ. ಚೆನ್ನಾಗಿ ಕಾವು ಕೂರುವುದು ಮಸ್ಕೊವಿ ಬಾತು, ಆದರೆ ಅದರ ಮೊಟ್ಟೆಗೆ 35 ದಿನ ಬೇಕು.

ಮೊಟ್ಟೆಗೆ ಕೆರೆಯೇ ಬೇಕೆಂದಿಲ್ಲ. ಕೊಕ್ಕು ಮೂಗಿನ ಹೊಳ್ಳೆವರೆಗೂ ಮುಳುಗುವಷ್ಟು ಆಳದ ತೊಟ್ಟಿ ಸಾಕು. ಬೆಳಗ್ಗೆ ಒಂಬತ್ತರ ತನಕ ಗೂಡಿನಲ್ಲೇ ಬಿಡಿ. ಬೇಗ ಹೊರಗೆ ಬಿಟ್ಟರೆ ಕೆಸರಲ್ಲಿ ಮೊಟ್ಟೆ ಹುಡುಕುವ ಕೆಲಸ ನಿಮ್ಮದು!

ಸಂದೇಶದಲ್ಲಿ ಇಲ್ಲದ, ಆದರೆ ಇರಲೇಬೇಕಿದ್ದ ಮಾತು ಒಂದಿದೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳ ಹಾಕಲೇಬೇಡಿ. ಅದರಲ್ಲಿರುವ ಅಫ್ಲಟಾಕ್ಸಿನ್ ವಿಷವನ್ನು ಕೋಳಿ ಸ್ವಲ್ಪ ತಡೆದೀತು, ಬಾತು ತಡೆಯಲ್ಲ.

ಪ್ರದರ್ಶನಕ್ಕೆ, ಚೆಂದಕ್ಕೆ ಸಾಕುವವರ ದಾರಿಯೇ ಬೇರೆ. ನೆಟ್ಟಗೆ ನಿಂತು ಓಡುವ ಇಂಡಿಯನ್ ರನ್ನರ್ ಅವರಿಗೆ ಇಷ್ಟವಾದೀತು.