ನನ್ನ ಗದ್ಯ ನವ್ಯಕಾವ್ಯವಾದ ಕತೆ

ಸೂಪರ್ ಮಾರ್ಕೆಟ್ ಹತ್ತಿರದ ಡಿಟಿಪಿ ಅಂಗಡಿಯೊಂದರಿಂದ ಈಗಷ್ಟೇ ಬಂದೆ. ತಲೆ ಇನ್ನೂ ಕಾದೇ ಇದೆ. ಕಲಬುರಗಿ ಬಿಸಿಲಿಗಲ್ಲ.

ನನ್ನ ಪ್ರಬಂಧಗಳ ಪುಸ್ತಕ ಪ್ರಿಂಟಾದದ್ದು ನಿಮಗೆಲ್ಲ ಗೊತ್ತು. ಈಗ ಈ-ಬುಕ್ ಮಾಡೋಣ ಅಂತ ಫೈಲ್ ಕೇಳಿದೆ. "ಪಿಡಿಎಫ್ ಅದ ಅಲ್ರೀ ಸರ್, ಅದೇ ಈ-ಬುಕ್" ಅಂದ ಹುಡುಗ. ಪ್ರಿಂಟ್ ಪುಸ್ತಕದ ಡೆಮಿ ಸೈಜಿನ ಪುಟವನ್ನು ಮೊಬೈಲ್‌ನಲ್ಲಿ ತೆರೆದು ನೋಡಿ. ಒಂದು ಸಾಲು ಓದೋಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೀಬೇಕು. ಈಪಬ್ ಅನ್ನೋ ಈ-ಬುಕ್ ಫೈಲು ಹಾಗಲ್ಲ. ಅದರೊಳಗೆ ಇರೋದು ವೆಬ್‌ಪುಟದಂಥ ಪಠ್ಯ. ಪರದೆ ಎಷ್ಟಗಲವೋ ಅಷ್ಟಕ್ಕೆ ಸಾಲು ತಾನೇ ಹೊಂದಿಕೊಳ್ಳುತ್ತದೆ.

ಸರಿ, ಪಠ್ಯ ಕೊಡಪ್ಪ ಅಂದೆ. ಅವನು ಪುಟ ಕಟ್ಟಿದ್ದು ಪೇಜ್‌ಮೇಕರ್ ಅನ್ನೋ ಹಳೆ ಸಾಫ್ಟ್‌ವೇರ್‌ನಲ್ಲಿ. 2001ರಲ್ಲಿ ಬಂದ ಏಳನೇ ಆವೃತ್ತಿಯೇ ಅದರ ಕೊನೆಯದು. ಈಗಿನ ಕಂಪ್ಯೂಟರು, ಮೊಬೈಲುಗಳೆಲ್ಲ ಒಪ್ಪುವ ಅಕ್ಷರ ಸಂಕೇತ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಹಾಗಾಗಿ 'ನುಡಿ' ತಂತ್ರಾಂಶದ ಹಳೆ ಫಾಂಟು: ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡ್‌ಗೆ ತಿರುಗಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತು. ಅದನ್ನೂ ಸಹಿಸಬಹುದು. ಆದರೆ ಸಾಲು ಕೂರಿಸೋಕೆ ಕಂಡಕಂಡಲ್ಲಿ ಎಂಟರ್ ಹೊಡೆದಿದ್ದಾನೆ! ಮೊಬೈಲ್‌ನಲ್ಲಿ ನನ್ನ ಗದ್ಯ ನವ್ಯಕಾವ್ಯ ಆಗಿಬಿಟ್ಟಿದೆ.

ಹಾಗಾದ್ರೆ ನಾನೇ ಕೊಟ್ಟ ವರ್ಡ್ ಫೈಲ್ ಬಳಸೋಣ ಅಂದರೆ, ಮೂರೂ ಪ್ರೂಫಿನ ತಿದ್ದುಪಡಿ ಅದರಲ್ಲಿಲ್ಲ. ಎಲ್ಲ ಪೇಜ್‌ಮೇಕರ್‌ನಲ್ಲೇ ಮಾಡಿದ್ದು. ತಿದ್ದಿದ ಪುಸ್ತಕ ಒಂದು, ತಿದ್ದದೇ ಇದ್ದದ್ದು ಒಂದು. ಎರಡಕ್ಕೂ ಲೇಖಕ ನಾನೇ!

ತಿದ್ದೋದು ಒಂದೇ ಮೂಲದಲ್ಲಿ ಆಗಬೇಕು, ಅದೂ ಯೂನಿಕೋಡ್‌ನಲ್ಲಿ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ವಚನ ಅಂತ ಸ್ಟೈಲ್ ಹಾಕಿ ಗುರುತು ಮಾಡಿದರೆ ಸಾಕಲ್ವಾ? ಅದರಿಂದಲೇ ಪ್ರಿಂಟಿನ ಪುಟ, ಅದರಿಂದಲೇ ಈಪಬ್. ಅಕ್ಷರ ಎಷ್ಟು ದಪ್ಪ, ಎಷ್ಟು ಜಾಗ ಅನ್ನೋದನ್ನು ಅವು ನೋಡಿಕೊಳ್ಳಲಿ.

"ನಮ್ಮ ಕಡೆ ಮೊಬೈಲ್‌ನಾಗ ಯಾರ್ ಪುಸ್ತಕ ಓದ್ತಾರ ಬಿಡ್ರಿ" ಅನ್ನೋರು ಕಾಮೆಂಟಿಗೆ ಬಂದೇ ಬರ್ತೀರಿ. ಈ ಪೋಸ್ಟನ್ನು ಏನು ತಾಳೆಗರಿಯಲ್ಲಿ ಓದ್ತಿದ್ದೀರಾ?

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತೆ. ಹುಡುಗನ ಮೇಲೆ ರೇಗಿದಾಗ ಅವನು ನನ್ನ ವರ್ಡ್ ಫೈಲ್ ತೆರೆದು ತೋರಿಸಿದ. ಶೀರ್ಷಿಕೆ ನಡುವೆ ಬರಲಿ ಅಂತ ಹದಿನೈದು ಸ್ಪೇಸ್. ಹೊಸ ಅಧ್ಯಾಯಕ್ಕೆ ಇಪ್ಪತ್ತು ಖಾಲಿ ಸಾಲು. "ನೀವು ಕೊಟ್ಟಂಗೇ ಹಾಕೀವಿ ನೋಡ್ರಿ ಸರ್" ಅಂದ. ನಾನು ಚಹಾ ತರಿಸಿದೆ.

ಈಗ ಒಂದೊಂದೇ ಎಂಟರ್ ತೆಗೀತಾ ಕೂತಿದ್ದೇನೆ. ಮೂರನೇ ಪ್ರಬಂಧದಲ್ಲಿ "62ನೇ ಪುಟ ನೋಡಿ" ಅಂತ ಬರೆದಿದ್ದೇನೆ. ಅಕ್ಷರ ದೊಡ್ಡದು ಮಾಡಿದಷ್ಟೂ ಪುಟ ಬದಲಾಗುವ ಈಪಬ್‌ನಲ್ಲಿ 62ನೇ ಪುಟ ಎಲ್ಲಿಂದ ತರಲಿ?