ಸ್ಪಷ್ಟನೆ: ಭೀಮಾ ನದಿಗೆ ಹಿಮಾಲಯದ ನೀರು ಬರುವುದಿಲ್ಲ

'ಗಂಗೋತ್ರಿಯ ಹಿಮನದಿ ಕರಗಿ ಭೀಮೆಗೆ ನೀರು ನುಗ್ಗುತ್ತಿದೆ, ಕಲಬುರಗಿ, ಯಾದಗಿರಿಯವರು ಹುಷಾರು' ಅಂತ ವಾಟ್ಸಾಪಿನಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ಜೊತೆಗೆ ಹಿಮ ಕುಸಿಯುವ ವಿಡಿಯೋ ಬೇರೆ. ಇದು ಸುಳ್ಳು.

ಗಂಗೋತ್ರಿ ಹಿಮನದಿ ಇರುವುದು ಉತ್ತರಾಖಂಡದಲ್ಲಿ, ಸುಮಾರು 30 ಕಿ.ಮೀ. ಉದ್ದ. ಅದರ ತುದಿಯಾದ ಗೋಮುಖದಿಂದ ಭಾಗೀರಥಿ ಹೊರಡುತ್ತದೆ. ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿ ಗಂಗೆಯಾಗುತ್ತದೆ. ವಿಂಧ್ಯ ದಾಟಿ ಈ ಕಡೆ ಬರಲು ಆ ನೀರಿಗೆ ದಾರಿಯೇ ಇಲ್ಲ.

ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಸಹ್ಯಾದ್ರಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಅದು ಮಳೆ ನಂಬಿದ ನದಿ. ಬೇಸಿಗೆಯಲ್ಲಿ ಘತ್ತರಗಿ ಸೇತುವೆ ಮೇಲೆ ನಿಂತು ನೋಡಿ. ಅಲ್ಲಲ್ಲಿ ಗುಂಡಿಯಲ್ಲಿ ಪಾಚಿಗಟ್ಟಿದ ನೀರು, ಉಳಿದದ್ದು ಮರಳು, ಬಂಡೆ. ಹಿಮ ಕರಗುವುದು ಬೇಸಿಗೆಯಲ್ಲೇ ಜಾಸ್ತಿ ಅಲ್ವಾ? ಹಾಗಿದ್ದರೆ ಮೇ ತಿಂಗಳಲ್ಲಿ ಭೀಮೆ ಹೀಗೆ ಒಣಗುತ್ತಿರಲಿಲ್ಲ.

ಹಾಗಂತ ನೆರೆಯ ಭಯ ಸುಮ್ನೆ ಅಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಜೋರು ಮಳೆಯಾಗಿ ಅಲ್ಲಿನ ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟರೆ, ಭೀಮೆಯ ಉಪನದಿ ಸೀನಾ ಕೂಡ ತುಂಬಿ ಬಂದರೆ, ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನ ಗೇಟು ಎತ್ತಲೇಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದೂ ಮಳೆಯಿಂದಲೇ. ನದಿ ದಂಡೆಯವರು ವಿಚಾರಿಸಬೇಕಾದದ್ದು ಉಜನಿಯಿಂದ ಎಷ್ಟು ನೀರು ಬಿಟ್ಟಿದ್ದಾರೆ ಅಂತ.